ಚಿಕ್ಕಮ್ಮ ಕಲಿಸಿದ ಓವರ್‌ಲಾಕ್

ಗುಳೇದಗುಡ್ಡದ ಖಣ ಕತ್ತರಿಸಿದವರಿಗೆ ಈ ಸಂಕಟ ಗೊತ್ತಿರುತ್ತದೆ. ಕತ್ತರಿ ಇಟ್ಟ ಕಡೆಯಿಂದಲೇ ಎಳೆ ಬಿಡಲು ಶುರು. ತೋಳಿನ ತುಂಡನ್ನು ಎರಡು ಸಲ ಎತ್ತಿ ಇಟ್ಟರೆ ಸಾಕು, ಅಂಚಿನಲ್ಲಿ ಕಾಲಿಂಚು ಬಟ್ಟೆ ಮಾಯ. ಕೈಮಗ್ಗದ ಹತ್ತಿಯೂ ಹಾಗೇ. ಮೇಲಿಂದ ನೋಡಿದರೆ ಚೆಂದದ ಕುಪ್ಪಸ, ಒಳಗೆ ತಿರುಗಿಸಿದರೆ ಜೋತಾಡುವ ಎಳೆಗಳು. ನಾಲ್ಕು ಸಲ ಒಗೆದ ಮೇಲೆ ಕಂಕುಳ ಹತ್ತಿರ ಹೊಲಿಗೆ ಬಿಟ್ಟುಕೊಳ್ಳುತ್ತದೆ. ದಾರ ಹರಿದಿರುವುದಿಲ್ಲ. ದಾರ ಹಿಡಿದುಕೊಳ್ಳಲು ಅಲ್ಲಿ ಬಟ್ಟೆಯೇ ಉಳಿದಿರುವುದಿಲ್ಲ.

ನಾನು ಹನ್ನೆರಡು ವರ್ಷದಿಂದ ಮೈಸೂರಿನ ನಮ್ಮ ಮನೆಯಲ್ಲಿ ಹೊಲಿಯುತ್ತಿದ್ದೇನೆ. ನನಗೆ, ಮಗಳಿಗೆ, ಅಕ್ಕಪಕ್ಕದ ಒಂದಿಬ್ಬರಿಗೆ. ಅಷ್ಟೂ ವರ್ಷ ಅಂಚು ಕಟ್ಟಿಸಲು ತುಂಡುಗಳನ್ನು ಕವರಿಗೆ ತುಂಬಿಕೊಂಡು, ‘ಫಾಲ್, ಪಿಕೊ, ಇಂಟರ್‌ಲಾಕ್’ ಅಂತ ಬೋರ್ಡು ಹಾಕಿದ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿ ಸದಾ ರಶ್. ಮಿಷನ್ನಿಗೆ ಆಗ ಯಾವ ಬಣ್ಣದ ದಾರ ಹಾಕಿದೆಯೋ ಅದೇ ನಮ್ಮ ಬಟ್ಟೆಗೂ. ಕಪ್ಪು ಬ್ಲೌಸಿನ ಒಳಗೆ ಬಿಳಿ ಅಂಚು ಕಂಡಾಗೆಲ್ಲ ಮನಸ್ಸಿಗೆ ಕಿರಿಕಿರಿ. ಯಾರಿಗೂ ಕಾಣಲ್ಲ ನಿಜ, ಆದರೆ ಹೊಲಿದವಳಿಗೆ ಕಾಣುತ್ತದಲ್ವಾ?

ಎರಡು ವರ್ಷದ ಹಿಂದೆ ದೀಪಾವಳಿಗೆ ಸ್ವಂತ ಓವರ್‌ಲಾಕ್ ಮಿಷನ್ ತಗೊಂಡೆ, ಅಂದರೆ ಬಟ್ಟೆಯ ಅಂಚನ್ನು ಕತ್ತರಿಸುತ್ತಲೇ ಎಳೆ ಬಿಡದ ಹಾಗೆ ದಾರ ಸುತ್ತಿ ಕಟ್ಟುವ ಮಿಷನ್. ನಾಲ್ಕು ದಾರದ್ದು, ಮನೆ ಬಳಕೆಯದು. 20,000 ರೂಪಾಯಿ ದಾಟಿತು. ಅಷ್ಟು ದುಡ್ಡು ಕೂಡಿಸಲು ನನಗೆ ಸುಮಾರು ದಿನ ಹಿಡಿಯಿತು. ಅಂಗಡಿಯವರೇ ದಾರ ಪೋಣಿಸಿ, ಒಂದು ಬಟ್ಟೆ ತುಂಡಿನ ಮೇಲೆ ಓಡಿಸಿ ತೋರಿಸಿ ಕೊಟ್ಟಿದ್ದರು. ಆ ದಾರ ಇರುವಷ್ಟು ದಿನ ಎಲ್ಲ ಸೊಗಸಾಗಿ ನಡೆಯಿತು. ಒಂದು ದಿನ ಕೆಳಗಿನ ದಾರ ತುಂಡಾಯಿತು. ಅಲ್ಲಿಂದ ಶುರುವಾಯಿತು ನನ್ನ ನಿಜವಾದ ಕಲಿಕೆ.

ಪುಸ್ತಕ ನೋಡಿಕೊಂಡು ತುಂಡಾದ ದಾರವನ್ನು ಮತ್ತೆ ಪೋಣಿಸಿದೆ. ಎರಡು ಹೊಲಿಗೆ ಬಿತ್ತು, ಸೂಜಿ ದಾರ ಪಟ್ ಅಂತ ಹರಿಯಿತು. ಸೂಜಿಗೆ ಪೋಣಿಸಿದೆ. ಮತ್ತೆ ಎರಡು ಹೊಲಿಗೆ, ಮತ್ತೆ ಪಟ್. ಒಂದು ಮಧ್ಯಾಹ್ನವೆಲ್ಲ ಹೀಗೇ ಹೋಯಿತು. ರಿಪೇರಿ ಅಂಗಡಿಯೊಂದಕ್ಕೆ ಫೋನ್ ಮಾಡಿದರೆ, ‘ಲೂಪರ್ ಟೈಮಿಂಗ್ ಹೋಗಿರುತ್ತೆ ಮೇಡಂ, ತಂದು ಬಿಟ್ಟುಹೋಗಿ’ ಅಂದರು. ಮಿಷನ್ನಿಗೆ ಇನ್ನೂ ಮೂರು ತಿಂಗಳೂ ಆಗಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಆಗ ನೆನಪಾದವರು ಚಿಕ್ಕಮ್ಮ.

ಚಿಕ್ಕಮ್ಮ, ಅಂದರೆ ಅಮ್ಮನ ತಂಗಿ, ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹತ್ತೊಂಬತ್ತು ವರ್ಷ ದುಡಿದವರು. ಹೆಲ್ಪರ್ ಆಗಿ ಸೇರಿ, ದಾರ ಕತ್ತರಿಸುವ ಕೆಲಸದಿಂದ ಮೇಲೆ ಬಂದು, ಓವರ್‌ಲಾಕ್ ಆಪರೇಟರ್ ಆದವರು. ಈಗ ಮದ್ದೂರಿನ ಹತ್ತಿರ ಊರಿನಲ್ಲಿದ್ದಾರೆ. ಅವರ ಕೆಲಸದ ಬಗ್ಗೆ ನಾವ್ಯಾರೂ ಕೂತು ಕೇಳಿರಲಿಲ್ಲ. ‘ಗಾರ್ಮೆಂಟ್ಸಿಗೆ ಹೋಗ್ತಾಳೆ’ ಅನ್ನುವಲ್ಲಿಗೆ ಮಾತು ಮುಗಿಯುತ್ತಿತ್ತು. ಇದನ್ನು ಬರೆಯುವಾಗಲೂ ನನಗೆ ಬೇಸರವಾಗುತ್ತದೆ.

ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ಕೇಳಿ ಅವರು ಒಂದೇ ಒಂದು ಪ್ರಶ್ನೆ ಕೇಳಿದರು. ‘ಕೆಳಗಿನ ಲೂಪರ್‌ಗೆ ಪೋಣಿಸೋವಾಗ ಸೂಜೀಲಿ ದಾರ ಇತ್ತಾ ಮಗ?’

ಇತ್ತು.

‘ಅದೇ ಕಣವ್ವ. ಸೂಜಿ ದಾರ ಎರಡೂ ಈಚೆಗೆ ಎಳೆದಾಕು. ಲೂಪರ್‌ಗೆ ಪೋಣಿಸು. ಸೂಜಿ ಯಾವಾಗ್ಲೂ ಕಡೇಲಿ. ಮಿಷನ್ನಿಗೇನೂ ಆಗಿಲ್ಲ.’

ಎರಡು ನಿಮಿಷದಲ್ಲಿ ಮಿಷನ್ ಓಡಿತು.

ಯಾಕೆ ಹಾಗೆ ಅನ್ನುವುದು ಆಮೇಲೆ, ಚಿಕ್ಕಮ್ಮ ಮನೆಗೆ ಬಂದಾಗ ಅರ್ಥವಾಯಿತು. ಮುಂದಿನ ಬಾಗಿಲು ತೆಗೆದು, ಕೈಚಕ್ರವನ್ನು ನಿಧಾನವಾಗಿ ನಮ್ಮ ಕಡೆಗೆ ತಿರುಗಿಸುತ್ತಾ ಒಂದೊಂದೇ ತೋರಿಸಿದರು. ಈ ಮಿಷನ್ನಿನಲ್ಲಿ ಬಾಬಿನ್ ಇಲ್ಲ. ಅದರ ಬದಲು ಎರಡು ಲೂಪರ್. ಲೂಪರ್ ಅಂದರೆ ಬಾಗಿದ ಸಣ್ಣ ಉಕ್ಕಿನ ಕೈ, ತುದಿಯಲ್ಲಿ ದಾರಕ್ಕೊಂದು ಕಣ್ಣು. ಸೂಜಿ ಕೆಳಗಿಳಿದು ಮೇಲೇಳುವಾಗ ಅದರ ದಾರ ಚೂರು ಸಡಿಲಾಗಿ ಕುಣಿಕೆಯಾಗುತ್ತದೆ. ಕೆಳಗಿನ ಲೂಪರ್ ಎಡದಿಂದ ಬಂದು ಆ ಕುಣಿಕೆಯೊಳಗೆ ನುಗ್ಗುತ್ತದೆ. ಮೇಲಿನ ಲೂಪರ್ ಕೆಳಗಿನದರ ದಾರವನ್ನು ಎತ್ತಿಕೊಂಡು, ಬಟ್ಟೆಯ ಅಂಚನ್ನು ಬಳಸಿ ಮೇಲಕ್ಕೆ ಬರುತ್ತದೆ. ಅಷ್ಟರಲ್ಲಿ ಸೂಜಿ ಮತ್ತೆ ಇಳಿದು ಅದನ್ನು ಹಿಡಿದು ನಿಲ್ಲಿಸುತ್ತದೆ. ಇಷ್ಟಾಗುವ ಮುಂಚೆಯೇ, ಒಂದು ಬೆರಳಿನಷ್ಟು ಮುಂದೆ, ಚಾಕು ಅಂಚನ್ನು ನೇರ ಮಾಡಿ ಕತ್ತರಿಸಿರುತ್ತದೆ. ಸೂಜಿಯಲ್ಲಿ ಮೊದಲೇ ದಾರ ಇದ್ದರೆ ಅದು ಕೆಳಗಿನ ಲೂಪರ್‌ಗೆ ಸುತ್ತಿಕೊಂಡು ಕೂತಿರುತ್ತದೆ. ನಾವು ಹೊಸದಾಗಿ ಪೋಣಿಸಿದ ದಾರ ಅದರ ತಪ್ಪು ಬದಿಗೆ ಬೀಳುತ್ತದೆ. ಎರಡೂ ಜಗ್ಗಾಡಿ ಸೂಜಿ ದಾರ ಹರಿಯುತ್ತದೆ.

ನನ್ನ ಮಿಷನ್ನಿನಲ್ಲಿ ಕ್ರಮ ಇದು: ಮೊದಲು ಮೇಲಿನ ಲೂಪರ್, ಆಮೇಲೆ ಕೆಳಗಿನದು, ಆಮೇಲೆ ಬಲಗಡೆಯ ಸೂಜಿ, ಕೊನೆಗೆ ಎಡಗಡೆಯದು. ಪೋಣಿಸುವಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಪಾದ ಮೇಲೆತ್ತಿರಬೇಕು, ಆಗಲೇ ಟೆನ್ಷನ್ ಬಿಲ್ಲೆಗಳು, ಅಂದರೆ ದಾರವನ್ನು ಬಿಗಿ ಹಿಡಿಯುವ ಬಿಲ್ಲೆಗಳು, ಬಾಯಿ ಬಿಟ್ಟು ದಾರವನ್ನು ಒಳಗೆ ಬಿಟ್ಟುಕೊಳ್ಳುವುದು. ಹಿಂದಿನ ಕಂಬಿಯನ್ನು ಪೂರ್ತಿ ಎತ್ತಿ, ಅದರ ಕೊಕ್ಕೆಗಳು ದಾರದ ಕೋನ್‌ಗಳ ನೆತ್ತಿಗೆ ಸರಿಯಾಗಿ ಬರುವಂತೆ ತಿರುಗಿಸಬೇಕು. ಕಂಬಿ ಅರ್ಧ ಎತ್ತಿದ್ದಕ್ಕೇ ನಾನೊಂದು ವಾರ ಟೆನ್ಷನ್ ಕೆಟ್ಟಿದೆ ಅಂದುಕೊಂಡಿದ್ದೆ.

ಬಣ್ಣ ಬದಲಿಸಲು ಪ್ರತಿಸಲ ಇಷ್ಟೆಲ್ಲ ಬೇಕಿಲ್ಲ. ಗಾರ್ಮೆಂಟ್ಸಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲವಂತೆ. ಹಳೆ ದಾರವನ್ನು ಕೋನ್ ಹತ್ತಿರ ಕತ್ತರಿಸಿ, ಹೊಸದನ್ನು ಅದಕ್ಕೆ ಬಿಗಿಯಾಗಿ ಗಂಟು ಹಾಕುವುದು. ಟೆನ್ಷನ್ ಸಡಿಲ ಮಾಡಿ ಎಳೆದುಕೊಳ್ಳುವುದು. ಲೂಪರ್ ಕಣ್ಣಿನಲ್ಲಿ ಗಂಟು ದಾಟುತ್ತದೆ. ಸೂಜಿ ಕಣ್ಣಿನಲ್ಲಿ ದಾಟುವುದಿಲ್ಲ, ಅಲ್ಲಿ ಗಂಟಿನ ಹಿಂದೆ ಕತ್ತರಿಸಿ ಕೈಯಲ್ಲೇ ಪೋಣಿಸಬೇಕು. ಚಿಕ್ಕಮ್ಮ ನಾಲ್ಕು ಗಂಟು ಹಾಕಿದ್ದು ನನಗೆ ಕಾಣಿಸಲೇ ಇಲ್ಲ. ಎಡಗೈಯ ಎರಡು ಬೆರಳಿನ ನಡುವೆ ಏನೋ ತಿರುವಿದರು, ಆಯಿತು. ‘ಲೈನ್ ನಿಂತ್ರೆ ಹಿಂದಿನೋರು ಮುಂದಿನೋರು ಎಲ್ಲಾ ನಿಲ್ತಾರೆ. ಸೂಪರ್‌ವೈಸರ್ ಬಂದು ನಿಲ್ಲೋಕೆ ಮುಂಚೆ ಪೋಣಿಸಿರ್ಬೇಕು’ ಅಂದರು.

ಅವರು ಓಡಿಸುತ್ತಿದ್ದದ್ದು ಐದು ದಾರದ ಕಾರ್ಖಾನೆ ಮಿಷನ್. ನನ್ನದು ನಿಮಿಷಕ್ಕೆ ಸುಮಾರು 1300 ಹೊಲಿಗೆ ಹಾಕುತ್ತದೆ. ಕಾರ್ಖಾನೆಯವು 6000 ದಾಟುತ್ತವೆ. ಈ ಜಾತಿಯ ಹೊಲಿಗೆ ಹುಟ್ಟಿದ್ದೂ ಕಾರ್ಖಾನೆಯಲ್ಲೇ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಮೆರೋ ಮನೆತನದವರ ಹೆಣಿಗೆ ಮಿಲ್ ಇತ್ತು. ಹೆಣೆದ ಬಟ್ಟೆಯ ಅಂಚು ಕಟ್ಟಲು ಜೋಸೆಫ್ ಮೆರೋ 1881ರಲ್ಲಿ ಅಲ್ಲಿ ಮಾಡಿದ ಮಿಷನ್ನೇ ಇವತ್ತಿನ ಓವರ್‌ಲಾಕ್‌ಗಳ ಅಜ್ಜಿ. ಮನೆಯ ಮೇಜಿನ ಮೇಲೆ ಇಡುವಷ್ಟು ಚಿಕ್ಕದಾಗಲು 1960ರ ದಶಕದವರೆಗೆ ಕಾಯಬೇಕಾಯಿತು. ಜಪಾನಿನವರು ಬೇಬಿ ಲಾಕ್ ಅಂತ ಹೆಸರಿಟ್ಟು ತಂದರು. ಮಿಷನ್ ಕಾರ್ಖಾನೆಯಿಂದ ಮನೆಗೆ ಬಂತು. ಅದನ್ನು ಓಡಿಸುವ ವಿದ್ಯೆ ನಮ್ಮ ಮನೆಗೆ ಬಂದದ್ದೂ ಅಲ್ಲಿಂದಲೇ.

ಟೆನ್ಷನ್ ಕಲಿಯಲು ನನಗೆ ತುಂಬಾ ನೆರವಾದದ್ದು ನಾಲ್ಕು ಬಣ್ಣದ ದಾರ. ಡಯಲ್‌ಗಳಿಗೆ ಹಾಕಿರುವ ಬಣ್ಣಕ್ಕೆ ಹೊಂದುವಂತೆ ಕೆಂಪು, ನೀಲಿ, ಹಸಿರು, ಹಳದಿ ಹಾಕಿಕೊಂಡು ಹಳೆ ಬೆಡ್‌ಶೀಟಿನ ಪಟ್ಟಿಗಳ ಮೇಲೆ ಓಡಿಸಿದೆ. ಸರಿಯಾಗಿ ಕೂತರೆ ಮೇಲಿನ ಲೂಪರ್ ದಾರ ಮೇಲ್ಗಡೆ, ಕೆಳಗಿನದು ಅಡಿಯಲ್ಲಿ, ಎರಡೂ ಕೈಹಿಡಿದುಕೊಳ್ಳುವುದು ಬಟ್ಟೆಯ ಅಂಚಿನ ಮೇಲೇ. ಮೇಲಿನ ಬಣ್ಣ ಅಡಿಗೆ ಇಣುಕಿದರೆ ಮೇಲಿನದು ಸಡಿಲ, ಇಲ್ಲಾ ಕೆಳಗಿನದು ಬಿಗಿ. ಹೊಲಿಗೆಯನ್ನು ಎರಡು ಕಡೆಗೂ ಎಳೆದಾಗ ಏಣಿಯ ಮೆಟ್ಟಿಲ ಹಾಗೆ ದಾರ ಕಂಡರೆ ಎಡಗಡೆಯ ಸೂಜಿ ದಾರ ಸಡಿಲ. ಅಂಚು ಒಳಕ್ಕೆ ಮುದುಡಿಕೊಂಡರೆ ಲೂಪರ್‌ಗಳು ಬಿಗಿ. ಒಂದು ಡಯಲ್, ಅರ್ಧ ಅಂಕಿ, ಮತ್ತೆ ಓಡಿಸಿ ನೋಡು. ಒಟ್ಟಿಗೇ ಎರಡು ತಿರುಗಿಸಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಆ ಪಟ್ಟಿಗಳನ್ನು ನಾನು ಎಸೆಯಲಿಲ್ಲ. ಒಂದು ನೋಟ್‌ಬುಕ್ಕಿಗೆ ಪಿನ್ ಹೊಡೆದು, ಪಕ್ಕದಲ್ಲಿ ಬಟ್ಟೆ ಯಾವುದು, ಡಯಲ್ ಎಷ್ಟಿತ್ತು ಅಂತ ಬರೆದಿಟ್ಟೆ.

ಟೀ ಶರ್ಟಿನ ಬಟ್ಟೆ ಹೊಲಿದಾಗ ಅಂಚು ಹಪ್ಪಳದ ಹಾಗೆ ಅಲೆ ಅಲೆಯಾಗುತ್ತಿತ್ತು. ಅದಕ್ಕೆ ಡಿಫರೆನ್ಷಿಯಲ್ ಫೀಡ್ ಇದೆ. ಪಾದದ ಕೆಳಗೆ ಹಲ್ಲುಗಳು ಎರಡು ಜೊತೆ, ಒಂದು ಮುಂದೆ, ಒಂದು ಹಿಂದೆ. 1ರಲ್ಲಿ ಇಟ್ಟರೆ ಎರಡೂ ಸಮ. 1ಕ್ಕಿಂತ ಮೇಲೇರಿಸಿದರೆ ಮುಂದಿನವು ಜಾಸ್ತಿ ಬಟ್ಟೆ ತಳ್ಳುತ್ತವೆ, ಹಿಗ್ಗುವ ಬಟ್ಟೆ ಹಿಗ್ಗದೆ ನಿಲ್ಲುತ್ತದೆ. 1ಕ್ಕಿಂತ ಇಳಿಸಿದರೆ ಶಿಫಾನ್‌ನಂಥ ತೆಳು ಬಟ್ಟೆ ಸುಕ್ಕಾಗುವುದಿಲ್ಲ.

ಇಲ್ಲಿ ಮುಖ್ಯವಾದ ಒಂದು ಮಾತು ಹೇಳಬೇಕು. ವಿಡಿಯೋಗಳಲ್ಲಿ ವಿದೇಶದವರು ಎರಡು ತುಂಡು ಜೋಡಿಸಿ ಇಟ್ಟು, ನಾಲ್ಕು ದಾರದಲ್ಲಿ ಒಂದೇ ಏಟಿಗೆ ಹೊಲಿದು, ಮಿಕ್ಕ ಬಟ್ಟೆಯನ್ನು ಚಾಕುವಿಗೆ ಬಿಟ್ಟುಬಿಡುತ್ತಾರೆ. ಟೀ ಶರ್ಟಿಗೆ ಅದು ಸರಿ. ನಮ್ಮ ಬ್ಲೌಸಿಗೆ ಹಾಗೆ ಮಾಡಿದರೆ ಕೆಟ್ಟಿತು. ನಮ್ಮ ಬ್ಲೌಸಿನ ಪಕ್ಕದಲ್ಲಿ ಒಂದು, ಒಂದೂವರೆ ಇಂಚು ಮಾರ್ಜಿನ್ ಇರುತ್ತದೆ. ಒಂದರ ಪಕ್ಕ ಒಂದು ಮೂರು ಹೊಲಿಗೆ ಹಾಕಿರುತ್ತೇವೆ. ಮೈ ಬಂದಾಗ ಒಂದು ಹೊಲಿಗೆ ಬಿಚ್ಚಿಕೊಳ್ಳುವುದು. ಮದುವೆಯ ಬ್ಲೌಸನ್ನು ಮಗಳ ಶಾಲೆ ಸಮಾರಂಭಕ್ಕೂ ಹಾಕಿಕೊಳ್ಳುವುದು ಹಾಗೇ ತಾನೇ? ಮೊದಲ ತಿಂಗಳಲ್ಲಿ ಒಂದು ಬ್ಲೌಸಿನ ಮಾರ್ಜಿನ್ ಅಷ್ಟನ್ನೂ ನಾನು ಚಾಕುವಿಗೆ ಕೊಟ್ಟೆ. ನೋಡಲು ಅಂಗಡಿಯದರ ಹಾಗೆ ನೀಟಾಗಿತ್ತು. ಚಿಕ್ಕಮ್ಮ ಅದನ್ನು ತಿರುಗಿಸಿ ನೋಡಿ, ‘ಇದು ಎಕ್ಸ್‌ಪೋರ್ಟ್ ಪೀಸು. ನಮ್ದಲ್ಲ’ ಅಂದರು.

ಈಗ ಕತ್ತರಿಸಿದ ತಕ್ಷಣ, ಜೋಡಿಸುವ ಮುಂಚೆಯೇ, ಒಂದೊಂದು ತುಂಡಿನ ಅಂಚನ್ನೂ ಬೇರೆ ಬೇರೆಯಾಗಿ ಮೂರು ದಾರದಲ್ಲಿ ಕಟ್ಟುತ್ತೇನೆ. ಒಂದು ಸೂಜಿ ತೆಗೆದಿಟ್ಟರೆ ಮೂರು ದಾರ, ಹೊಲಿಗೆ ತೆಳ್ಳಗೆ ಕೂರುತ್ತದೆ, ಮೈಗೆ ಒತ್ತುವುದಿಲ್ಲ. ಚಾಕು ಬರೀ ನೂಲಿನ ತುದಿಯನ್ನು ಸವರಬೇಕು, ಬಟ್ಟೆಯನ್ನು ತಿನ್ನಬಾರದು. ಆಮೇಲೆ ಮಾಮೂಲಿ ಮಿಷನ್ನಿನಲ್ಲಿ ಮಾರ್ಜಿನ್ ಬಿಟ್ಟು ಜೋಡಣೆ. ಖಣ ಈಗ ಎಳೆ ಬಿಡುವುದಿಲ್ಲ.

ಕೊನೆಯಲ್ಲಿ ಗಂಟು ಹಾಕಲು ಈ ಮಿಷನ್ ಹಿಂದಕ್ಕೆ ಹೊಲಿಯುವುದಿಲ್ಲ. ಬಟ್ಟೆ ಮುಗಿದ ಮೇಲೂ ನಾಲ್ಕಿಂಚು ಸರಪಳಿ ಓಡಿಸಿ ಕತ್ತರಿಸಿ, ಆ ಬಾಲವನ್ನು ದಬ್ಬಣದಿಂದ ಹೊಲಿಗೆಯೊಳಗೇ ತೂರಿಸಬೇಕು.

ಇನ್ನು ಗುಂಡುಸೂಜಿಯ ವಿಷಯ. ಹೋದ ವರ್ಷ ಮಳೆಗಾಲದಲ್ಲಿ, ಮಗಳ ಫ್ರಾಕಿಗೆ ಅಂಚು ಕಟ್ಟುವಾಗ, ಒಂದು ಗುಂಡುಸೂಜಿ ತೆಗೆಯಲು ಮರೆತೆ. ಟಕ್ ಅಂತ ಶಬ್ದ. ಕಾಲು ತೆಗೆಯುವಷ್ಟರಲ್ಲಿ ಚಾಕು ಅದನ್ನು ಕತ್ತರಿಸಿತ್ತು. ಅದರ ತಲೆ ಬಟ್ಟೆಯಲ್ಲೇ ಸಿಕ್ಕಿತು. ಒಂದು ತುಂಡು ನೆಲದ ಮೇಲೆ. ಕಣ್ಣಿಗೆ ಬೀಳಲಿಲ್ಲವಲ್ಲ ದೇವರ ದಯೆ ಅಂದುಕೊಂಡು ಮುಂದೆ ಹೊಲಿಯಲು ಕೂತೆ. ಸಂಜೆ ಫೋನಿನಲ್ಲಿ ಹೇಳಿದಾಗ ಚಿಕ್ಕಮ್ಮನ ದನಿಯೇ ಬದಲಾಯಿತು.

‘ಎಲ್ಲಾ ಚೂರೂ ಸಿಕ್ತಾ? ಜೋಡಿಸಿ ನೋಡ್ದಾ?’

ಗಾರ್ಮೆಂಟ್ಸಿನಲ್ಲಿ ಸೂಜಿ ಮುರಿದರೆ ಅದರ ಅಷ್ಟೂ ಚೂರು ಸಿಗಬೇಕು. ಸಿಕ್ಕಿದ್ದನ್ನು ರಿಜಿಸ್ಟರಿನಲ್ಲಿ ಟೇಪ್ ಹಾಕಿ ಅಂಟಿಸಿ, ತಾರೀಕು, ಮಿಷನ್ ನಂಬರು ಬರೆದು, ಆಪರೇಟರ್ ಸೈನ್, ಪಕ್ಕದಲ್ಲಿ ಚೆಕ್ ಮಾಡಿದವರ ಸೈನ್. ಆಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆ ಹೊತ್ತಿನ ಬಂಡಲ್‌ಗಳನ್ನೆಲ್ಲ ಪಕ್ಕಕ್ಕೆ ಇಟ್ಟು ಹುಡುಕುತ್ತಿದ್ದರಂತೆ. ‘ಯಾವ್ದೋ ದೇಶದ ಮಗೂಗೆ ಚುಚ್ಚುತ್ತೆ ಅಂತ ನಾವು ಮೊಣಕಾಲೂರಿ ನೆಲ ಗುಡಿಸ್ತಿದ್ವಿ. ನಿನ್ ಮಗ್ಳು ಹಾಕೋ ಫ್ರಾಕು ಅದು’ ಅಂದರು.

ಫ್ರಾಕನ್ನು ತಿರುಗಿಸಿ ಇಂಚಿಂಚೂ ತಡವಿದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಮ್ಯಾಗ್ನೆಟ್ ತಂದು ಮಿಷನ್ನಿನ ಹೊಟ್ಟೆಯೊಳಗೆ ಆಡಿಸಿದೆ. ಮೂರನೇ ಚೂರು ಕೆಳಗಿನ ಲೂಪರ್ ಪಕ್ಕ, ನಾರಿನ ಧೂಳಿನಲ್ಲಿ ಹೂತುಕೊಂಡಿತ್ತು. ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಪೂರ್ತಿ ಒಂದು ಗುಂಡುಸೂಜಿ. ನನ್ನ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಟೇಪ್ ಹಾಕಿ ಅಂಟಿಸಿ ತಾರೀಕು ಬರೆದೆ. ಅವತ್ತಿನಿಂದ ಓವರ್‌ಲಾಕ್ ಹತ್ತಿರ ಗುಂಡುಸೂಜಿಯೇ ಇಲ್ಲ. ಪುಟ್ಟ ಪ್ಲಾಸ್ಟಿಕ್ ಕ್ಲಿಪ್ಪುಗಳು, ಅಷ್ಟೇ.

ಆ ಚೂರು ಧೂಳಿನಲ್ಲಿ ಹೂತಿತ್ತು ಅಂದೆನಲ್ಲ, ಅದು ಇನ್ನೊಂದು ಪಾಠ. ಬಟ್ಟೆ ಕತ್ತರಿಸುತ್ತಾ ಹೊಲಿಯುವ ಮಿಷನ್ ಇದು. ಮಾಮೂಲಿ ಮಿಷನ್ನಿಗಿಂತ ಎಷ್ಟೋ ಜಾಸ್ತಿ ನಾರು ಉದುರುತ್ತದೆ. ನಾರು ಎಣ್ಣೆ ಕುಡಿದು ಲೂಪರ್‌ಗಳ ಬುಡದಲ್ಲಿ ಕಂಬಳಿಯ ಹಾಗೆ ಕೂರುತ್ತದೆ. ಈಗ ಒಂದು ಬಟ್ಟೆ ಮುಗಿದರೆ ಪ್ಲಗ್ ತೆಗೆದು, ಬಾಗಿಲು ತೆರೆದು, ಬ್ರಷ್ಷಿನಿಂದ ಈಚೆಗೆ ಎಳೆಯುತ್ತೇನೆ. ಹಲ್ಲುಗಳ ಸಂದಿಗೆ ಚಿಮಟ. ಬಾಯಿಂದ ಊದಬಾರದು, ಉಸಿರಿನ ತೇವ ಉಕ್ಕಿಗೆ ಆಗುವುದಿಲ್ಲ, ನಾರೂ ಇನ್ನಷ್ಟು ಒಳಕ್ಕೆ ಹೋಗುತ್ತದೆ.

ಎಣ್ಣೆ ಅಂದರೆ ತಿಳಿ ಮಿಷನ್ ಎಣ್ಣೆ ಮಾತ್ರ. ನಮ್ಮ ಅಜ್ಜಿಯ ಕಾಲು ಮಿಷನ್ನಿಗೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದದ್ದು ನನಗೆ ನೆನಪಿದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಮೈಸೂರಿನ ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಏನಾಗಿರುತ್ತದೋ ಮಿಷನ್ನಿನೊಳಗೂ ಅದೇ. ಪುಸ್ತಕದಲ್ಲಿ ತೋರಿಸಿದ ಜಾಗಕ್ಕೆ ಒಂದೊಂದೇ ಹನಿ, ಆಮೇಲೆ ಹಳೆ ಬಟ್ಟೆಯ ಮೇಲೆ ಓಡಿಸಿ ಮಿಕ್ಕ ಎಣ್ಣೆ ಇಳಿಸಿಕೊಳ್ಳುವುದು. ಸೂಜಿಗಳನ್ನು ಸುಮಾರು ಎಂಟು ಗಂಟೆ ಹೊಲಿಗೆಗೆ ಒಮ್ಮೆ ಬದಲಿಸುತ್ತೇನೆ. ಬದಲಿಸುವಾಗ ಪಾದದ ಕೆಳಗೆ ಒಂದು ಕಾಗದ ಹಾಸುತ್ತೇನೆ, ಸೂಜಿ ಜಾರಿ ಒಳಗೆ ಬೀಳದಿರಲಿ ಅಂತ. ಎಡಗಡೆಯ ಸೂಜಿ ಬಲದ್ದಕ್ಕಿಂತ ಚೂರು ಮೇಲೆ ನಿಲ್ಲುತ್ತದೆ. ಅದು ಇರುವುದೇ ಹಾಗೆ, ಎರಡನ್ನೂ ಸಮ ಮಾಡಲು ಹೋಗಬೇಡಿ.

ಗುಂಡುಸೂಜಿ ಹೋದರೂ ಅದರ ಗುರುತು ಉಳಿದಿತ್ತು. ಈ ಸಂಕ್ರಾಂತಿಗೆ ಚಿಕ್ಕಮ್ಮ ಎಳ್ಳು ಬೆಲ್ಲ ತಂದವರು ಎರಡು ದಿನ ಉಳಿದರು. ಅವರಿಗೆಂದೇ ತರಿಸಿದ್ದ ಹಸಿರು ಖಣಕ್ಕೆ ನಾನು ಅಂಚು ಕಟ್ಟುತ್ತಿದ್ದೆ. ಅವರು ಅಡುಗೆಮನೆಯಲ್ಲಿ ಅವರೆಕಾಳು ಹಿದುಕುತ್ತಿದ್ದರು. ಅಲ್ಲಿಂದಲೇ ‘ನಿಲ್ಸು’ ಅಂದರು.

ನನಗೆ ಶಬ್ದದಲ್ಲಿ ಏನೂ ಗೊತ್ತಾಗಿರಲಿಲ್ಲ. ಅವರು ಕೈ ಒರೆಸಿಕೊಂಡು ಬಂದು, ಕಟ್ಟಿದ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ನನ್ನ ಬೆರಳನ್ನೂ ಹಿಡಿದು ಅಲ್ಲಿಡಿಸಿದರು. ಇಂಚಿಗೆ ಒಂದೆರಡು ಕಡೆ ತರಿ ತರಿ. ‘ಕತ್ತರಿಸ್ತಿಲ್ಲ, ಜಗೀತಿದೆ’ ಅಂದರು. ಪ್ಲಗ್ ಕಿತ್ತು, ಟಾರ್ಚ್ ಬಿಟ್ಟು ನೋಡಿದರೆ ಎರಡು ಚಾಕುಗಳಲ್ಲಿ ಕೆಳಗಿನದರ ಅಂಚಿನಲ್ಲಿ ರವೆಕಾಳಿನಷ್ಟು ಮುಕ್ಕು.

ಡಬ್ಬದಲ್ಲೇ ಒಂದು ಹೊಸ ಕೆಳಚಾಕು ಕೊಟ್ಟಿದ್ದರು. ಸ್ಕ್ರೂ ಸಡಿಲ ಮಾಡಿ ಹಳೆಯದನ್ನು ಎಳೆದುಕೊಂಡೆವು. ಚಾಕು ಕೂರುವ ಸಂದಿಯಲ್ಲಿದ್ದ ನಾರನ್ನು ಒರೆಸಿದೆವು. ಹೊಸದನ್ನು ಇಟ್ಟು, ಅದರ ಅಂಚು ಹೊಲಿಗೆ ಪ್ಲೇಟಿನ ಮಟ್ಟಕ್ಕೆ ಸರಿಯಾಗಿ ನಿಲ್ಲುವ ಹಾಗೆ ನೋಡಬೇಕು. ಮೇಲಿದ್ದರೂ ಆಗದು, ಕೆಳಗಿದ್ದರೂ ಆಗದು. ಚಿಕ್ಕಮ್ಮ ಒಂದು ಸ್ಟೀಲ್ ಸ್ಕೇಲನ್ನು ಪ್ಲೇಟಿನ ಮೇಲೆ ಮಲಗಿಸಿ, ಅದು ಎಲ್ಲೂ ಎಡವದೆ ಜಾರುವ ತನಕ ಚಾಕುವನ್ನು ಕೂದಲೆಳೆಯಷ್ಟು ಏರಿಸಿ ಇಳಿಸಿ ಮಾಡಿಸಿದರು. ಸ್ಕ್ರೂ ಬಿಗಿ ಮಾಡಿದ ಮೇಲೆ, ಒಂಟಿ ದಾರವೊಂದನ್ನು ಎರಡು ಚಾಕುಗಳ ನಡುವೆ ಹಿಡಿದು ಕೈಚಕ್ರ ತಿರುಗಿಸಲು ಹೇಳಿದರು. ದಾರ ಸದ್ದಿಲ್ಲದೆ ಎರಡಾಯಿತು.

ಮಿಕ್ಕ ಖಣವನ್ನು ಅವರೇ ಕೂತು ಮುಗಿಸಿದರು. ಕೆಲಸ ಬಿಟ್ಟು ಆರು ವರ್ಷವಾದ ಮೇಲೆ ಮೊದಲ ಸಲ. ಬಟ್ಟೆಯನ್ನು ಅವರು ಹಿಡಿಯುವುದಿಲ್ಲ, ಎಡಗೈಯಿಂದ ಸುಮ್ನೆ ದಾರಿ ತೋರಿಸುತ್ತಾರೆ. ಕಂಕುಳ ಬಾಗಿನಲ್ಲಿ ತುಂಡನ್ನು ನೇರ ಮಾಡಿಕೊಂಡು, ನಿಲ್ಲಿಸದೆ ದಾಟಿದರು.

ಆಮೇಲೆ ನೋಟ್‌ಬುಕ್ ಕೇಳಿದರು. ಗುಂಡುಸೂಜಿಯ ಮೂರು ಚೂರು ಅಂಟಿಸಿದ್ದ ಪುಟ ತೆಗೆದು ಕೊಟ್ಟೆ. ಹಳೆ ಚಾಕುವನ್ನು ಅವುಗಳ ಕೆಳಗೆ ಇಟ್ಟು, ಮೇಲೆ ಅಡ್ಡಡ್ಡ ಎರಡು ಟೇಪ್ ಹಾಕಿದರು. ‘ತಾರೀಕು ಬರಿ. ಸೈನ್ ಹಾಕು’ ಅಂದರು. ಬರೆದೆ, ಹಾಕಿದೆ. ನನ್ನ ಕೈಯಿಂದ ಪೆನ್ನು ತಗೊಂಡು, ಪಕ್ಕದಲ್ಲಿ ಒಂದು ಗೆರೆ ಎಳೆದು, ‘ಚೆಕ್ ಮಾಡಿದವರು’ ಅಂತ ಬಿಡಿಸಿ ಬಿಡಿಸಿ ಬರೆದರು. ಅದರ ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು ಸೈನ್ ಹಾಕಿ, ಅವರೆಕಾಳಿನ ಪಾತ್ರೆ ಹತ್ತಿರಕ್ಕೆ ಎಳೆದುಕೊಂಡರು.